ವೀಣೆಯೂ ಅಲ್ಲ, ಹಾರ್ಪೂ ಅಲ್ಲ: ಸಂಗೀತದ ಲಾಂಛನವಾದ ಲೈರ್

ಸಮುದ್ರಗುಪ್ತನ ಚಿನ್ನದ ನಾಣ್ಯವೊಂದರಲ್ಲಿ ದೊರೆ ಪೀಠದ ಮೇಲೆ ಕಾಲು ಮಡಚಿ ಕೂತು, ತೊಡೆಯ ಮೇಲೆ ತಂತಿವಾದ್ಯ ಇಟ್ಟುಕೊಂಡು ನುಡಿಸುತ್ತಿದ್ದಾನೆ. ನಮ್ಮ ಶಾಲೆಯ ಚರಿತ್ರೆ ಪಾಠದಲ್ಲಿ ಅದು ‘ವೀಣೆ ನುಡಿಸುತ್ತಿರುವ ದೊರೆ’. ನಾಣ್ಯಶಾಸ್ತ್ರದ ಇಂಗ್ಲಿಷ್ ಪುಸ್ತಕಗಳಲ್ಲಿ ಅದೇ ನಾಣ್ಯಕ್ಕೆ ‘ಲೈರಿಸ್ಟ್ ಮಾದರಿ’ ಎಂದು ಹೆಸರು, ಅಂದರೆ ಲೈರ್ ನುಡಿಸುವವನ ನಾಣ್ಯ. ಆದರೆ ತೊಡೆಯ ಮೇಲಿರುವುದು ಇವತ್ತಿನ ವೀಣೆಯಲ್ಲ, ಲೈರ್ ಅಂತೂ ಅಲ್ಲವೇ ಅಲ್ಲ. ಅದು ಬಿಲ್ಲಿನ ಹಾಗೆ ಬಾಗಿದ ಹಾರ್ಪ್. ಒಂದೇ ವಾದ್ಯಕ್ಕೆ ಎರಡು ತಪ್ಪು ವಿಳಾಸ ಅಂಟಿಕೊಂಡಿವೆ.

ನಮ್ಮ ಕಡೆಯ ಗೊಂದಲಕ್ಕೆ ಕಾರಣ ಸುಲಭ. ಹಳೆಯ ಕಾಲದಲ್ಲಿ ‘ವೀಣೆ’ ಎಂಬುದು ತಂತಿವಾದ್ಯಗಳಿಗೆಲ್ಲ ಸಲ್ಲುತ್ತಿದ್ದ ಮಾತು. ನಾಟ್ಯಶಾಸ್ತ್ರ ಹೇಳುವ ಏಳು ತಂತಿಯ ಚಿತ್ರಾ, ಒಂಬತ್ತು ತಂತಿಯ ವಿಪಂಚೀ ಎರಡೂ ವೀಣೆಗಳೇ, ಆದರೆ ಅವಕ್ಕೆ ಮೆಟ್ಟಿಲುಗಳು, ಅಂದರೆ ತಂತಿ ಒತ್ತಿ ಸ್ವರ ಬದಲಿಸುವ ಪಟ್ಟಿಗಳು, ಇರಲಿಲ್ಲ. 24 ಮೆಟ್ಟಿಲಿನ ಸರಸ್ವತಿ ವೀಣೆ ತಂಜಾವೂರಿನಲ್ಲಿ ರೂಪ ತಳೆದದ್ದು 17ನೇ ಶತಮಾನದ ಹೊತ್ತಿಗೆ. ಹಾಗಾಗಿ ಗ್ರೀಕ್ ಪುರಾಣದ ಅಪೊಲೋ ಕೈಯಲ್ಲಿರುವುದನ್ನೂ ಕನ್ನಡದಲ್ಲಿ ವೀಣೆ ಎಂದೇ ಬರೆದುಬಿಡುತ್ತೇವೆ. ಓದುವವರ ಕಣ್ಣ ಮುಂದೆ ಕೊಡ, ದಂಡಿ, ಯಾಳಿಮುಖ ಬಂದು ನಿಲ್ಲುತ್ತವೆ. ಅಪೊಲೋ ಕೈಯಲ್ಲಿದ್ದದ್ದು ಬೇರೆಯೇ ಬಗೆಯ ಯಂತ್ರ, ಅದರ ಕೆಲಸದ ರೀತಿಯೂ ಬೇರೆ. ಆ ರೀತಿ ಅರ್ಥವಾದರೆ ಅದೇ ಏಕೆ ಸಂಗೀತದ ಲಾಂಛನವಾಯಿತು ಎಂಬುದೂ ತಿಳಿಯುತ್ತದೆ.

ವೀಣೆ, ಹಾರ್ಪ್, ಲೈರ್ ಮೂರನ್ನೂ ಬೇರ್ಪಡಿಸಲು ಒಂದೇ ಪ್ರಶ್ನೆ ಸಾಕು: ತಂತಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ? ವೀಣೆಯಲ್ಲಿ ತಂತಿಗಳು ಕುದುರೆಯ (ತಂತಿಗಳನ್ನು ಹಲಗೆಯಿಂದ ಎತ್ತಿ ಹಿಡಿಯುವ ಪುಟ್ಟ ತುಂಡಿನ) ಮೇಲೆ ಹಾದು ದಂಡಿ ಎಂಬ ಉದ್ದನೆಯ ಕತ್ತಿನ ಉದ್ದಕ್ಕೂ ಓಡುತ್ತವೆ. ತಂತಿಯನ್ನು ಒತ್ತಲು ಅದರ ಕೆಳಗೆ ಗಟ್ಟಿಯಾದ ನೆಲೆಯಿದೆ. ಹಾರ್ಪ್‌ನಲ್ಲಿ ತಂತಿಯ ಒಂದು ತುದಿ ನೇರವಾಗಿ ಮೇಲ್ಹಲಗೆಯಿಂದಲೇ ಎದ್ದು ಬರುತ್ತದೆ. ತಂತಿಗಳ ಸಾಲು ಹಲಗೆಗೆ ಲಂಬವಾಗಿ, ಗೋಡೆಯ ಹಾಗೆ ನಿಂತಿರುತ್ತದೆ. ಲೈರ್‌ನಲ್ಲಿ ತಂತಿಗಳು ವೀಣೆಯಂತೆಯೇ ಕುದುರೆ ದಾಟಿ, ಹಲಗೆಗೆ ಸಮಾನಾಂತರವಾಗಿ ಸಾಗುತ್ತವೆ, ಆದರೆ ದಂಡಿ ಇಲ್ಲ. ಪೆಟ್ಟಿಗೆಯಿಂದ ಎರಡು ತೋಳುಗಳು ಮೇಲೆದ್ದಿರುತ್ತವೆ. ಅವುಗಳ ತುದಿಗೆ ಒಂದು ಅಡ್ಡಪಟ್ಟಿ. ತಂತಿಗಳು ಹೋಗಿ ಸುತ್ತಿಕೊಳ್ಳುವುದು ಆ ಪಟ್ಟಿಗೆ. ನಡುವೆ ತಂತಿಯ ಹಿಂದೆ ಬರೀ ಗಾಳಿ.

ಆ ಅಡ್ಡಪಟ್ಟಿಗೆ ಗ್ರೀಕರು ಇಟ್ಟ ಹೆಸರು ‘ಜುಗೋನ್’, ಅಂದರೆ ನೊಗ. ಸಂಸ್ಕೃತದ ‘ಯುಗ’ ಎಂಬ ನೊಗವಾಚಕ ಪದಕ್ಕೆ ಅದು ಒಡಹುಟ್ಟು. ಎರಡು ಎತ್ತಿನ ಹೆಗಲ ಮೇಲೆ ನೊಗ ಕೂರುವ ಹಾಗೆ ಎರಡು ತೋಳಿನ ಮೇಲೆ ಈ ಪಟ್ಟಿ ಕೂರುತ್ತದೆ. 1914ರಲ್ಲಿ ಹಾರ್ನ್‌ಬೋಸ್ಟಲ್ ಮತ್ತು ಸಾಕ್ಸ್ ಎಂಬ ಸಂಗೀತ ವಿದ್ವಾಂಸರು ವಾದ್ಯಗಳಿಗೆಲ್ಲ ಸಂಖ್ಯೆ ಕೊಟ್ಟು ವಿಂಗಡಿಸಿದಾಗ ಲೈರ್‌ಗೆ ಸಿಕ್ಕ ಜಾಗ 321.2, ಅಂದರೆ ನೊಗದ ವಾದ್ಯಗಳು. ಸರಸ್ವತಿ ವೀಣೆಯ ಗುಂಪು ಪಕ್ಕದ ಮನೆಯಲ್ಲೇ, 321.3. ಹಾರ್ಪ್ ಮಾತ್ರ 322, ಬೇರೆ ಬೀದಿ. ನೋಟಕ್ಕೆ ಲೈರ್ ಹಾರ್ಪ್‌ನಂತೆ ಕಂಡರೂ ರಚನೆಯಲ್ಲಿ ವೀಣೆಗೇ ಹತ್ತಿರ.

ಆಮೆಯ ಚಿಪ್ಪಿನಿಂದ ವಾದ್ಯ

ಗ್ರೀಕರ ಲೈರ್ ಮಾಡುವ ಬಗೆಯ ಹಳೆಯ ವಿವರಣೆ ಹರ್ಮಿಸ್ ದೇವತೆಯ ಸ್ತುತಿಯೊಂದರಲ್ಲೇ ಬರುತ್ತದೆ. ಹುಟ್ಟಿದ ದಿನವೇ ತೊಟ್ಟಿಲಿನಿಂದ ಎದ್ದ ಹರ್ಮಿಸ್ ಬಾಗಿಲಲ್ಲಿ ಆಮೆಯೊಂದನ್ನು ಕಾಣುತ್ತಾನೆ. ಅದರ ಒಳಗನ್ನು ಕೆರೆದು ತೆಗೆದು, ಅಳತೆಗೆ ಕತ್ತರಿಸಿದ ಜೊಂಡಿನ ಕಡ್ಡಿಗಳನ್ನು ಚಿಪ್ಪಿಗೆ ಸಿಕ್ಕಿಸಿ, ಮೇಲೆ ಎತ್ತಿನ ಚರ್ಮ ಬಿಗಿದು, ಎರಡು ತೋಳು ನೆಟ್ಟು, ನೊಗ ಕೂರಿಸಿ, ಕುರಿಯ ಕರುಳಿನ ಏಳು ತಂತಿ ಕಟ್ಟುತ್ತಾನೆ. ಕತೆ ದೇವರದ್ದಾದರೂ ಕೆಲಸದ ಕ್ರಮ ಕಸುಬುದಾರನದ್ದು. ಯಾವುದು ಮೊದಲು, ಯಾವುದು ಆಮೇಲೆ ಎಂಬುದರಲ್ಲಿ ಒಂದು ಹೆಜ್ಜೆಯೂ ತಪ್ಪಿಲ್ಲ.

ಜೊಂಡಿನ ಕಡ್ಡಿ ಏಕೆ ಎಂದು ಕೇಳಬಹುದು. ಚಿಪ್ಪಿನ ಬಾಯಿಗೆ ಬರೀ ಚರ್ಮ ಹೊದಿಸಿದರೆ ಕುದುರೆಯ ಕೆಳಗೆ ಅದು ಕುಸಿಯುತ್ತದೆ. ತಂತಿಗಳು ಕುದುರೆಯನ್ನು ಸದಾ ಕೆಳಕ್ಕೆ ಒತ್ತುತ್ತಿರುತ್ತವೆ. ಒಳಗಿನ ಕಡ್ಡಿಗಳು ಆ ಭಾರವನ್ನು ಚಿಪ್ಪಿನ ಅಂಚಿಗೆ ದಾಟಿಸುತ್ತವೆ. ಚರ್ಮವನ್ನು ನೆನೆಸಿ ಒದ್ದೆಯಿರುವಾಗಲೇ ಎಳೆದು ಕಟ್ಟಬೇಕು. ಒಣಗುತ್ತಾ ಅದು ಕುಗ್ಗಿ ತಾನೇ ಬಿಗಿಯಾಗುತ್ತದೆ. ಒಣ ಚರ್ಮವನ್ನು ಎಷ್ಟೇ ಜಗ್ಗಿ ಕಟ್ಟಿದರೂ ತೇವದ ಹವೆ ಬಂದ ಕೂಡಲೇ ಸಡಿಲಗೊಂಡು ನಾದ ಮಂಕಾಗುತ್ತದೆ. ನಮ್ಮ ದಮ್ಮಡಿ, ಕಂಜಿರಗಳ ಪಾಡೂ ಇದೇ ಅಲ್ಲವೇ.

ತೋಳುಗಳು ಚಿಪ್ಪಿನೊಳಕ್ಕೆ ಇಳಿಯುವುದು ಆಮೆಯ ಮುಂಗಾಲು ಹೊರಬರುತ್ತಿದ್ದ ಸಂದಿಗಳಲ್ಲಿ. ಪ್ರಾಣಿಯ ಮೈಯಲ್ಲೇ ಸಿದ್ಧವಾಗಿದ್ದ ಎರಡು ಗೂಡು. ತೋಳಿನ ಬುಡ ಅಲುಗಾಡುವಂತಿದ್ದರೆ ವಾದ್ಯ ಶ್ರುತಿಯಲ್ಲಿ ನಿಲ್ಲುವುದೇ ಇಲ್ಲ. ಏಕೆಂದರೆ ಒಂದು ತಂತಿಯನ್ನು ಬಿಗಿದಾಗ ನೊಗ ಒಂದು ಕೂದಲೆಳೆ ಕೆಳಗೆ ಬಂದರೂ ಉಳಿದ ಆರು ತಂತಿಗಳು ಸಡಿಲವಾಗುತ್ತವೆ. ಲೈರ್ ಕಟ್ಟುವವರು ಮೊದಲು ಪರೀಕ್ಷಿಸಬೇಕಾದದ್ದು ಇದನ್ನೇ: ಒಂದು ತಂತಿಯನ್ನು ಏರಿಸಿ, ಇನ್ನೊಂದು ಇಳಿಯಿತೇ ಎಂದು ಕೇಳಿ ನೋಡುವುದು.

ಇನ್ನು ಬಿರಡೆ, ಅಂದರೆ ತಂತಿ ಬಿಗಿಯಲು ತಿರುಗಿಸುವ ಗೂಟ. ಗ್ರೀಕರ ಲೈರ್‌ಗೆ ಮರದ ಬಿರಡೆ ಇರಲಿಲ್ಲ. ಎತ್ತಿನ ಕುತ್ತಿಗೆಯ ದಪ್ಪ ಚರ್ಮವನ್ನು, ಅದರ ಜಿಡ್ಡು ತೆಗೆಯದೆ, ಪಟ್ಟಿಯಾಗಿ ಕತ್ತರಿಸುತ್ತಿದ್ದರು. ತಂತಿಯನ್ನು ಆ ಪಟ್ಟಿಯ ಜೊತೆ ಸೇರಿಸಿ ನೊಗಕ್ಕೆ ಸುತ್ತುತ್ತಿದ್ದರು. ಇದೇ ‘ಕೊಲ್ಲೋಪ್ಸ್’. ಅಂಟಂಟಾದ ಚರ್ಮ ಮರವನ್ನು ಕಚ್ಚಿ ಹಿಡಿಯುತ್ತದೆ, ಬೆರಳಿನಿಂದ ತಿರುಗಿಸಿದರೆ ಸುರುಳಿಯೇ ತಿರುಗಿ ಶ್ರುತಿ ಏರುತ್ತದೆ, ಕೈ ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಜಿಡ್ಡು ಒಣಗಿದರೆ ಜಾರುತ್ತದೆ. ಹೋಮರನ ಒಡಿಸ್ಸಿಯಲ್ಲಿ ಒಡಿಸ್ಸಿಯಸ್ ತನ್ನ ದೊಡ್ಡ ಬಿಲ್ಲಿಗೆ ಹೆದೆ ಏರಿಸುವಾಗ ಕವಿ ಕೊಡುವ ಹೋಲಿಕೆಯೂ ಇದೇ: ಹಾಡು ಬಲ್ಲವನು ಹೊಸ ಕೊಲ್ಲೋಪ್ಸ್ ಸುತ್ತಿ ತಂತಿ ಬಿಗಿದಷ್ಟು ಸಲೀಸಾಗಿ. ಕೇಳುಗರಿಗೆಲ್ಲ ಪರಿಚಯವಿದ್ದ ಕೈಚಳಕವಾಗಿದ್ದರೆ ಮಾತ್ರ ಇಂಥ ಹೋಲಿಕೆ ನಿಲ್ಲುತ್ತದೆ.

ಉದ್ದ ಒಂದೇ, ಸ್ವರ ಬೇರೆ

ಹಾರ್ಪ್‌ನಲ್ಲಿ ತಾರದ (ಮೇಲಿನ ಸ್ವರದ) ತಂತಿ ಗಿಡ್ಡ, ಮಂದ್ರದ (ಕೆಳಗಿನ ಸ್ವರದ) ತಂತಿ ಉದ್ದ. ಅದಕ್ಕೇ ಅದರ ಆಕಾರ ತ್ರಿಕೋನ. ಲೈರ್‌ನಲ್ಲಿ ಕುದುರೆಯಿಂದ ನೊಗದವರೆಗಿನ ದೂರ ಎಲ್ಲ ತಂತಿಗೂ ಹೆಚ್ಚುಕಡಿಮೆ ಒಂದೇ. ಹಾಗಿದ್ದರೆ ಸ್ವರ ಬೇರೆಯಾಗುವುದು ಹೇಗೆ? ದಪ್ಪದಿಂದ ಮತ್ತು ಬಿಗಿಯಿಂದ ಮಾತ್ರ.

ಲೆಕ್ಕ ಹಾಕಿ ನೋಡೋಣ. 40 ಸೆಂಟಿಮೀಟರ್ ಉದ್ದದ, 0.8 ಮಿಲಿಮೀಟರ್ ದಪ್ಪದ ಕರುಳಿನ ತಂತಿಯನ್ನು 220 ಹರ್ಟ್ಸ್ ಸ್ವರಕ್ಕೆ ಏರಿಸಲು ಸುಮಾರು 2 ಕಿಲೋ ಭಾರ ತೂಗುಹಾಕಿದಷ್ಟು ಎಳೆತ ಬೇಕು. ಅದೇ ಉದ್ದ, ಅದೇ 2 ಕಿಲೋ ಎಳೆತದಲ್ಲಿ ಒಂದು ಸ್ಥಾಯಿ ಮೇಲಿನ 440 ಹರ್ಟ್ಸ್ ಬೇಕೆಂದರೆ ತಂತಿಯ ದಪ್ಪ ಸರಿಯಾಗಿ ಅರ್ಧ, 0.4 ಮಿಲಿಮೀಟರ್ ಆಗಬೇಕು. ದಪ್ಪ ಬದಲಿಸದೆ ಬಿಗಿಯಿಂದಲೇ ಸ್ಥಾಯಿ ಏರಿಸಹೊರಟರೆ ಎಳೆತ ನಾಲ್ಕು ಪಟ್ಟು, 8 ಕಿಲೋ. ಏಳು ತಂತಿ ತಲಾ 2 ಕಿಲೋ ಎಂದರೂ ನೊಗದ ಮೇಲೆ ಸದಾಕಾಲ 14 ಕಿಲೋ ಹೊರೆ ಇರುತ್ತದೆ.

ತಂತಿ ಕಡಿದಾಗ ಬಹಳ ಜನ ಮಾಡುವ ತಪ್ಪು ಒಂದಿದೆ: ‘ತೆಳುವಾಯಿತು, ಇನ್ನೂ ದಪ್ಪದ್ದು ಹಾಕೋಣ.’ ಇದರಿಂದ ಏನೂ ಪ್ರಯೋಜನವಿಲ್ಲ. ದಪ್ಪ ತಂತಿಗೆ ಶಕ್ತಿ ಹೆಚ್ಚು ನಿಜ, ಆದರೆ ಅದರ ತೂಕವೂ ಅದೇ ಪ್ರಮಾಣದಲ್ಲಿ ಹೆಚ್ಚಿದೆ. ಅದೇ ಸ್ವರಕ್ಕೆ ತರಲು ಅಷ್ಟೇ ಹೆಚ್ಚು ಎಳೆತ ಬೇಕು. ಕೊನೆಗೆ ಎರಡೂ ಒಂದೇ ಸ್ವರದಲ್ಲಿ ಕಡಿಯುತ್ತವೆ. ಕಡಿಯುವ ಸ್ವರವನ್ನು ತೀರ್ಮಾನಿಸುವುದು ತಂತಿಯ ವಸ್ತು ಮತ್ತು ಉದ್ದ, ದಪ್ಪವಲ್ಲ. ಕರುಳಿನ ತಂತಿಯಾದರೆ ಮೀಟರ್ ಲೆಕ್ಕದ ಉದ್ದವನ್ನು ಹರ್ಟ್ಸ್ ಲೆಕ್ಕದ ಸ್ವರದಿಂದ ಗುಣಿಸಿದಾಗ ಬರುವ ಸಂಖ್ಯೆ 240 ಸಮೀಪಿಸುತ್ತಿದ್ದರೆ ಅಪಾಯ, 260ರ ಆಸುಪಾಸಿನಲ್ಲಿ ಕಡಿಯುವುದು ಖಂಡಿತ. 40 ಸೆಂಟಿಮೀಟರ್ ತಂತಿಗೆ ಇದು 600 ಹರ್ಟ್ಸ್‌ನಷ್ಟಾಯಿತು. ಅದಕ್ಕಿಂತ ಮೇಲಿನ ಸ್ವರ ಬೇಕಿದ್ದರೆ ತಂತಿ ಗಿಡ್ಡವಾಗಬೇಕು, ಬೇರೆ ದಾರಿಯೇ ಇಲ್ಲ. ಕೆಳಗಿನ ಮಿತಿ ಬೇರೆ ತರಹದ್ದು: ಅತಿ ದಪ್ಪ ತಂತಿ ಹಗ್ಗದಂತೆ ಬಿರುಸಾಗಿ, ಮೀಟಿದರೆ ನಾದದ ಬದಲು ‘ದಬ್’ ಎನ್ನುತ್ತದೆ.

ಈ ಎರಡು ಮಿತಿಗಳ ನಡುವೆಯೇ ಲೈರ್ ಬದುಕಬೇಕು. ಹೆಚ್ಚು ಆಳದ ನಾದ ಬೇಕಾದಾಗ ಗ್ರೀಕರು ತೋಳುಗಳನ್ನು ಉದ್ದ ಮಾಡಿ ‘ಬಾರ್ಬಿಟೋಸ್’ ಕಟ್ಟಿದರು. ಲೆಸ್ಬೋಸ್ ದ್ವೀಪದ ಕವಿಗಳಾದ ಸ್ಯಾಫೋ, ಆಲ್ಕಿಯಸ್ ಹೆಸರಿನ ಜೊತೆ ಬರುವ ವಾದ್ಯ ಅದು. ಆಮೆ ಚಿಪ್ಪಿನದು ಮನೆಯಲ್ಲಿ, ಪಾಠಶಾಲೆಯಲ್ಲಿ ಹುಡುಗರು ಕಲಿಯುವ ವಾದ್ಯ. ಸ್ಪರ್ಧೆಗಳಲ್ಲಿ, ಸಾವಿರಾರು ಜನರೆದುರು ನುಡಿಸಲು ವೃತ್ತಿಪರರು ಹಿಡಿಯುತ್ತಿದ್ದದ್ದು ‘ಕಿಥಾರಾ’: ಪೂರ್ತಿ ಮರದ್ದು, ಟೊಳ್ಳು ತೋಳಿನದು, ಚಪ್ಪಟೆ ತಳದ್ದು, ಭಾರದ್ದು. ಇಂದಿನ ‘ಗಿಟಾರ್’ ಪದದ ಮೂಲ ಇದೇ, ವಾದ್ಯಕ್ಕೂ ಗಿಟಾರಿಗೂ ಹೋಲಿಕೆ ಇಲ್ಲದಿದ್ದರೂ.

ಎರಡು ಕೈಗಳ ಕೆಲಸ

ಎಡ ಮಣಿಕಟ್ಟಿಗೆ ಒಂದು ಪಟ್ಟಿ, ಅದರಿಂದ ವಾದ್ಯ ಮೈಗೆ ಒರಗಿ ನಿಲ್ಲುತ್ತದೆ. ಬಲಗೈಯಲ್ಲಿ ದಾರದಿಂದ ವಾದ್ಯಕ್ಕೆ ಕಟ್ಟಿದ, ತಂತಿ ಮೀಟುವ ನಖಿ. ಎಡಗೈಯ ಬೆರಳುಗಳು ತಂತಿಗಳ ಹಿಂಬದಿಯಿಂದ ಬರುತ್ತವೆ. ತಂತಿಯ ಹಿಂದೆ ಬರೀ ಗಾಳಿ ಇರುವುದರ ಪ್ರಯೋಜನ ಇದು. ಗ್ರೀಕ್ ಹೂಜಿಗಳ ಮೇಲಿನ ನೂರಾರು ಚಿತ್ರಗಳಲ್ಲಿ ಈ ಹಿಡಿತ ಒಂದೇ ತೆರನಾಗಿದೆ: ಬಲಗೈ ಆಗಷ್ಟೇ ತಂತಿಗಳ ಮೇಲೆ ಬೀಸಿ ಹೊರಕ್ಕೆ ಹೋಗಿದೆ, ಎಡಗೈ ಬೆರಳುಗಳು ನೇರವಾಗಿ ಚಾಚಿವೆ.

ಆ ಚಾಚಿದ ಬೆರಳುಗಳು ಏನು ಮಾಡುತ್ತಿರಬಹುದು ಎಂಬುದಕ್ಕೆ ಇಥಿಯೋಪಿಯಾದ ‘ಕ್ರಾರ್’ ಒಳ್ಳೆಯ ಸುಳಿವು. ಐದಾರು ತಂತಿಯ ಈ ಲೈರನ್ನು ಇವತ್ತಿಗೂ ನುಡಿಸುತ್ತಾರೆ. ಒಂದು ವಿಧಾನದಲ್ಲಿ ಬಲಗೈ ಎಲ್ಲ ತಂತಿಗಳನ್ನೂ ಒಟ್ಟಿಗೆ ಬೀಸುತ್ತದೆ. ಎಡಗೈ ಬೇಡದ ತಂತಿಗಳನ್ನು ಮುಟ್ಟಿ ಸುಮ್ಮನಾಗಿಸುತ್ತದೆ. ಬೆರಳು ಎತ್ತಿದ ತಂತಿಯ ಸ್ವರ ಮಾತ್ರ ತೇಲಿ ಬರುತ್ತದೆ, ಉಳಿದವು ತಾಳದ ‘ಚಕ್ ಚಕ್’ ಆಗುತ್ತವೆ. ವೀಣೆ ಕಲಿತವರಿಗೆ ಇದು ತಲೆಕೆಳಗು: ನಮ್ಮಲ್ಲಿ ಬೆರಳು ಒತ್ತಿದ ಜಾಗದ ಸ್ವರ ನುಡಿಯುತ್ತದೆ, ಅಲ್ಲಿ ಬೆರಳು ಬಿಟ್ಟ ತಂತಿಯ ಸ್ವರ. ಇದರಲ್ಲಿ ಸಾಮಾನ್ಯ ದೋಷವೆಂದರೆ ಬೆರಳನ್ನು ತಂತಿಯ ಅರ್ಧಕ್ಕೋ ಮೂರನೇ ಒಂದು ಭಾಗಕ್ಕೋ ಸರಿಯಾಗಿ ಇಡುವುದು. ಆಗ ತಂತಿ ಸುಮ್ಮನಾಗದೆ ಮೇಲಿನ ಉಪಸ್ವರವೊಂದನ್ನು ಗಂಟೆಯಂತೆ ಹೊರಡಿಸುತ್ತದೆ. ಒಂದು ಬೆರಳಗಲ ಸರಿಸಿದರೆ ನಿಲ್ಲುತ್ತದೆ.

ತಂತಿಗಳಿಗೆ ಗ್ರೀಕರಿಟ್ಟ ಹೆಸರುಗಳೂ ಈ ಹಿಡಿತದಿಂದಲೇ ಹುಟ್ಟಿದವು. ‘ಹುಪಾಟೆ’ ಎಂದರೆ ಎಲ್ಲಕ್ಕಿಂತ ಮೇಲಿನದು. ಆದರೆ ಅದು ಎಲ್ಲಕ್ಕಿಂತ ಮಂದ್ರದ ತಂತಿ. ವಾದ್ಯವನ್ನು ಓರೆಯಾಗಿ ಹಿಡಿದಾಗ ಮೈಯ ಕಡೆಗೆ, ಮೇಲೆ ಬರುವುದು ಅದು. ‘ನೇಟೆ’ ಕೆಳಗಿನದು, ಅದು ತಾರ. ‘ಮೇಸೆ’ ನಡುವಿನದು. ‘ಲಿಖನೋಸ್’ ಎಂದರೆ ತೋರುಬೆರಳು, ಆ ಬೆರಳಿಗೆ ಸಿಗುವ ತಂತಿ. ಆಮೇಲೆ ಗ್ರೀಕ್ ಸಂಗೀತಶಾಸ್ತ್ರದಲ್ಲಿ ಇವೇ ಸ್ವರಗಳ ಹೆಸರುಗಳಾಗಿ ನಿಂತವು. ಕೊಳಲು ನುಡಿಸಿದರೂ, ಬರಿಗಂಟಲಲ್ಲಿ ಹಾಡಿದರೂ ಸ್ವರಕ್ಕೆ ಹೆಸರು ಲೈರ್‌ನ ತಂತಿಯದು.

ಜೇಡಿಮಣ್ಣಿನ ಹಲಗೆ ಮತ್ತು ನಮ್ಮ ಮೇಳಗಳು

ಲೈರ್ ಗ್ರೀಕರ ಸೃಷ್ಟಿಯಲ್ಲ. ಇರಾಕಿನ ಉರ್‌ನಲ್ಲಿ ಲಿಯೊನಾರ್ಡ್ ವೂಲಿ 1920ರ ದಶಕದ ಕೊನೆಯಲ್ಲಿ ಅಗೆದ ರಾಜಸಮಾಧಿಗಳಲ್ಲಿ ಸಿಕ್ಕ ಲೈರ್‌ಗಳು ಕ್ರಿ.ಪೂ. 2500ರ ಸುಮಾರಿನವು. ಆಳೆತ್ತರದವಲ್ಲದಿದ್ದರೂ ಸೊಂಟದೆತ್ತರದವು. ಕೆಲವದರ ಮುಂದೆ ಚಿನ್ನದ ಹೋರಿಯ ತಲೆ, ಅದಕ್ಕೆ ನೀಲಿಕಲ್ಲಿನ ಗಡ್ಡ. ಮರವೆಲ್ಲ ಕೊಳೆತು ಮಣ್ಣಾಗಿತ್ತು, ಆದರೆ ಮರ ಇದ್ದ ಜಾಗ ಟೊಳ್ಳಾಗಿ ಉಳಿದಿತ್ತು. ಆ ಟೊಳ್ಳಿಗೆ ವೂಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿಸಿದರು. ಗಟ್ಟಿಯಾದ ಮೇಲೆ ಸುತ್ತಲಿನ ಮಣ್ಣು ಬಿಡಿಸಿದಾಗ ವಾದ್ಯದ ಅಚ್ಚು ಎದ್ದು ಬಂತು. ನಾಲ್ಕೂವರೆ ಸಾವಿರ ವರ್ಷ ಹಿಂದಿನ ವಾದ್ಯದ ಅಳತೆ ನಮಗೆ ಸಿಕ್ಕದ್ದು ಆ ಒಂದು ಜಾಣ್ಮೆಯಿಂದ.

ಅದಕ್ಕಿಂತಲೂ ಅಮೂಲ್ಯವಾದದ್ದು ಅದೇ ಉರ್‌ನಿಂದ ಬಂದ, ಕ್ರಿ.ಪೂ. 1800ರ ಸುಮಾರಿನ ಒಂದು ಮುರುಕು ಜೇಡಿಮಣ್ಣಿನ ಹಲಗೆ. ಒಂಬತ್ತು ತಂತಿಯ ವಾದ್ಯವನ್ನು ಒಂದು ಶ್ರುತಿಕ್ರಮದಿಂದ ಇನ್ನೊಂದಕ್ಕೆ ಬದಲಿಸುವುದು ಹೇಗೆಂದು ಅದರಲ್ಲಿ ಬರೆದಿದೆ. ಸೂತ್ರ ಇಷ್ಟೇ: ಇಂಥ ಶ್ರುತಿಯಲ್ಲಿ ಇಂಥ ಎರಡು ತಂತಿಗಳ ಜೋಡಿ ‘ಸ್ವಚ್ಛ’ವಾಗಿಲ್ಲ, ಇಂಥ ತಂತಿಯನ್ನು ಬದಲಿಸು, ಜೋಡಿ ಸ್ವಚ್ಛವಾಗುತ್ತದೆ, ಹೊಸ ಶ್ರುತಿ ಸಿಗುತ್ತದೆ. ಹಲಗೆಯ ಒಂದು ಭಾಗದಲ್ಲಿ ತಂತಿ ಬಿಗಿಯುತ್ತಾ, ಇನ್ನೊಂದು ಭಾಗದಲ್ಲಿ ಸಡಿಲಿಸುತ್ತಾ ಸಾಗುತ್ತದೆ.

ಕರ್ನಾಟಕ ಸಂಗೀತದ ಸ್ವರಜ್ಞಾನ ಇರುವವರು ಇದನ್ನು ಒಂದು ಮಧ್ಯಾಹ್ನದಲ್ಲಿ ಮಾಡಿ ನೋಡಬಹುದು. ಏಳು ತಂತಿಯ ಯಾವುದೇ ವಾದ್ಯ ತೆಗೆದುಕೊಳ್ಳಿ. ಮೊದಲ ತಂತಿ ಷಡ್ಜ. ಅದರಿಂದ ಪಂಚಮವನ್ನು ಕಿವಿಯಲ್ಲೇ ಕೂಡಿಸಿ. ಪಂಚಮದಿಂದ ಸ-ಮ ಅಂತರದಷ್ಟು ಕೆಳಗೆ ಇಳಿದರೆ ಚತುಶ್ರುತಿ ರಿಷಭ. ರಿಷಭದಿಂದ ಸ-ಪ ಅಂತರ ಮೇಲೇರಿದರೆ ಧೈವತ. ಮತ್ತೆ ಇಳಿದರೆ ಅಂತರ ಗಾಂಧಾರ, ಏರಿದರೆ ಕಾಕಲಿ ನಿಷಾದ, ಇಳಿದರೆ ಪ್ರತಿ ಮಧ್ಯಮ. ಏಳೂ ತಂತಿ ತುಂಬಿದವು. ಈಗ ವಾದ್ಯ ಕಲ್ಯಾಣಿ ರಾಗದ ಸ್ವರಗಳಲ್ಲಿದೆ.

ಈಗ ನಾಲ್ಕನೆಯ, ಐದನೆಯ ಸ್ವರದ ದೂರದಲ್ಲಿರುವ ಪ್ರತಿಯೊಂದು ಜೋಡಿಯನ್ನೂ ಕೇಳಿ ನೋಡಿ. ಒಂದೇ ಒಂದು ಜೋಡಿ ಕರ್ಕಶವಾಗಿರುತ್ತದೆ: ಷಡ್ಜ ಮತ್ತು ಪ್ರತಿ ಮಧ್ಯಮ. ಮಧ್ಯಮವನ್ನು ಅರ್ಧ ಸ್ವರ ಸಡಿಲಿಸಿದರೆ ಅದು ಸರಿಹೋಗುತ್ತದೆ, ವಾದ್ಯ ಶಂಕರಾಭರಣವಾಗುತ್ತದೆ. ಆದರೆ ಕರ್ಕಶ ಮಾಯವಾಗಲಿಲ್ಲ, ಮಧ್ಯಮ-ನಿಷಾದ ಜೋಡಿಗೆ ಹೋಗಿ ಕೂತಿತು. ನಿಷಾದ ಇಳಿಸಿ: ಹರಿಕಾಂಭೋಜಿ, ಕರ್ಕಶ ಗಾಂಧಾರ-ನಿಷಾದಕ್ಕೆ. ಗಾಂಧಾರ ಇಳಿಸಿ: ಖರಹರಪ್ರಿಯ. ಧೈವತ ಇಳಿಸಿ: ನಟಭೈರವಿ. ರಿಷಭ ಇಳಿಸಿ: ತೋಡಿ. ಈಗ ಕರ್ಕಶ ಪಂಚಮ-ರಿಷಭದ ನಡುವೆ. ಪಂಚಮವನ್ನೂ ಇಳಿಸಿದರೆ ಏಳನೆಯ ಕ್ರಮ, ಆದರೆ ಅದಕ್ಕೆ ಪಂಚಮವೇ ಇಲ್ಲದ್ದರಿಂದ ನಮ್ಮ 72 ಮೇಳಗಳಲ್ಲಿ, ಅಂದರೆ ಮೂಲ ರಾಗಗಳ ಪಟ್ಟಿಯಲ್ಲಿ, ಜಾಗವಿಲ್ಲ. ಕೊನೆಗೆ ಷಡ್ಜವನ್ನೂ ಇಳಿಸಿದರೆ ಮೊದಲಿದ್ದ ಕಲ್ಯಾಣಿಯೇ ಅರ್ಧ ಸ್ವರ ಕೆಳಗೆ ಮರಳಿ ಬರುತ್ತದೆ. ಒಟ್ಟು ಏಳು. ಉರ್‌ನ ಆ ಹಲಗೆಯ ಕಾಲದ ಬ್ಯಾಬಿಲೋನಿನವರು ಹೆಸರಿಟ್ಟ ಶ್ರುತಿಕ್ರಮಗಳೂ ಸರಿಯಾಗಿ ಏಳು.

ಇದು ಅವರಿಂದ ನಮಗೆ ಬಂತು ಎಂದೋ ನಮ್ಮಿಂದ ಅವರಿಗೆ ಹೋಯಿತು ಎಂದೋ ಹೇಳುವ ಆಧಾರವಲ್ಲ. ತಂತಿಗೊಂದು ಸ್ವರ ಇರುವ ವಾದ್ಯವನ್ನು ಸ-ಪ, ಸ-ಮ ಸಂವಾದದಿಂದ ಕೂಡಿಸಲು ಹೊರಟವರೆಲ್ಲರೂ ತಲುಪುವ ಜಾಗ ಇದೇ. ಭರತ ಶ್ರುತಿಗಳನ್ನು ತೋರಿಸಲು ಧ್ರುವವೀಣೆ, ಚಲವೀಣೆ ಎಂದು ಎರಡು ವೀಣೆಗಳನ್ನು ಒಂದೇ ಶ್ರುತಿಗೆ ಕೂಡಿಸಿ, ಎರಡನೆಯದನ್ನು ಸ್ವಲ್ಪಸ್ವಲ್ಪವೇ ಇಳಿಸುತ್ತಾ ಹೋಗುತ್ತಾನಲ್ಲ, ಆ ಪ್ರಯೋಗಕ್ಕೂ ಬೇಕಾದದ್ದು ಇಂಥ ವಾದ್ಯವೇ.

ಒಂದು ಎಚ್ಚರಿಕೆ. ಲೈರ್‌ನಲ್ಲಿ ಸಿಗುವುದು ತೋಡಿಯ ಸ್ವರಗಳು, ತೋಡಿಯಲ್ಲ. ತೋಡಿಯ ಗಾಂಧಾರ ನಿಂತಲ್ಲಿ ನಿಲ್ಲುವ ಸ್ವರವಲ್ಲ, ಅದು ತೂಗಬೇಕು. ತಂತಿಯನ್ನು ಎಳೆದು ಇಂಥ ತೂಗಾಟವನ್ನು, ಅಂದರೆ ಗಮಕವನ್ನು, ಹೊರಡಿಸಲು ಮೆಟ್ಟಿಲು ಬೇಕು, ಮೆಟ್ಟಿಲು ಕೂರಲು ದಂಡಿ ಬೇಕು. ಭಾರತದ ಸಂಗೀತ ಹಾರ್ಪ್ ಬಗೆಯ ಹಳೆಯ ವೀಣೆಗಳನ್ನು ಬಿಟ್ಟು ದಂಡಿಯ ವಾದ್ಯಗಳ ಕಡೆ ಹೊರಳಿದ್ದಕ್ಕೆ ನಮ್ಮ ಗಮಕದ ಹಸಿವೇ ದೊಡ್ಡ ಕಾರಣ ಎನ್ನುವುದು ನಮಗೆ ಒಪ್ಪಿಗೆಯಾಗುವ ವಿವರಣೆ.

ವಾದ್ಯ ಹೋಗಿ ಚಿತ್ರ ಉಳಿದದ್ದು

ಗ್ರೀಕರು ಸಂಗೀತದ ಲಾಂಛನವಾಗಿ ಕೊಳಲನ್ನೋ ಡೋಲನ್ನೋ ಆರಿಸದೆ ಲೈರನ್ನು ಆರಿಸಿದ್ದರಲ್ಲಿ ಈ ರಚನೆಯ ಪಾತ್ರ ದೊಡ್ಡದು. ಅದರಲ್ಲಿ ಸ್ವರಗಳು ಕಣ್ಣಿಗೆ ಕಾಣುತ್ತವೆ, ಸಾಲಾಗಿ ನಿಂತಿರುತ್ತವೆ, ಎಣಿಸಬಹುದು. ಬಾಯಿ ಬಿಡುವಾಗಿರುವುದರಿಂದ ನುಡಿಸುವವನೇ ಹಾಡಬಹುದು. ಲೈರ್ ಜೊತೆ ಹಾಡುವ ಪದ್ಯಕ್ಕೆ ‘ಲಿರಿಕ್’ ಎಂಬ ಹೆಸರು ಬಂತು. ಅದೇ ಇಂಗ್ಲಿಷಿನ ಮೂಲಕ ಬಂದು ಕನ್ನಡದಲ್ಲಿ ‘ಭಾವಗೀತೆ’ ಆಯಿತು. ಹರ್ಮಿಸ್ ತಾನು ಕದ್ದ ಹಸುಗಳ ಬದಲಿಗೆ ಲೈರನ್ನು ಅಪೊಲೋಗೆ ಕೊಟ್ಟ. ಅಪೊಲೋ ಅದನ್ನು ಹಿಡಿದು ಸಂಗೀತದ ದೇವರಾದ. ಪುರಾಣದ ಗಾಯಕ ಆರ್ಫಿಯಸ್‌ನ ಲೈರ್ ಆಕಾಶಕ್ಕೆ ಏರಿತು. ಪ್ರಾಚೀನ ಖಗೋಳಶಾಸ್ತ್ರಜ್ಞ ಟಾಲೆಮಿ ಪಟ್ಟಿ ಮಾಡಿದ 48 ನಕ್ಷತ್ರಪುಂಜಗಳಲ್ಲಿ ‘ಲೈರಾ’ ಒಂದು. ಅದರ ಬೆಳ್ಳಗೆ ಹೊಳೆಯುವ ವೇಗಾ ನಕ್ಷತ್ರವೇ ನಮ್ಮ ಅಭಿಜಿತ್.

ಯೆಹೂದ್ಯರ ದಾವೀದ ರಾಜನ ‘ಕಿನ್ನೋರ್’ ಕೂಡ ಲೈರ್ ಜಾತಿಯದ್ದೇ. ರೋಮನರ ವಿರುದ್ಧ ಬಾರ್ ಕೋಖ್ಬಾ ದಂಗೆ ಎದ್ದ ಕ್ರಿ.ಶ. 132–135ರ ನಾಣ್ಯಗಳಲ್ಲಿ ಅಂಥ ಲೈರ್‌ಗಳ ಚಿತ್ರವಿದೆ. ಯುರೋಪಿನ ಚಿತ್ರಕಾರರು ಮಾತ್ರ ದಾವೀದನ ಕೈಗೆ ಹಾರ್ಪ್ ಕೊಟ್ಟರು. ಕನ್ನಡ ಬೈಬಲ್‌ನಲ್ಲಿ ಅದು ‘ಕಿನ್ನರಿ’. ಕಿವಿಗೆ ಕಿನ್ನೋರ್‌ಗೆ ಬಹಳ ಹತ್ತಿರ, ವಾದ್ಯವಾಗಿ ಬಹಳ ದೂರ: ನಮ್ಮ ಕಿನ್ನರಿ ಕೋಲಿಗೆ ಸೋರೆಬುರುಡೆ ಕಟ್ಟಿ, ಮೆಟ್ಟಿಲು ಕೂರಿಸಿದ್ದು, ಶರಣ ಕಿನ್ನರಿ ಬೊಮ್ಮಯ್ಯನ ಹೆಸರಿಗೆ ಅಂಟಿದ್ದು, ಕಿನ್ನರಿ ಜೋಗಿಗಳ ಹೆಗಲಲ್ಲಿ ಊರೂರು ತಿರುಗಿದ್ದು. ಹೆಸರುಗಳ ಇಂಥ ಅದಲುಬದಲು ಬೇರೆಡೆಯೂ ಉಂಟು. ಸೂಡಾನಿನಲ್ಲಿ ‘ತಂಬೂರ’ ಎಂದರೆ ಲೈರ್. ಇಂದಿನ ಕ್ರೀಟ್ ದ್ವೀಪದ ‘ಲೈರಾ’ ಕಮಾನಿನಿಂದ ನುಡಿಸುವ ಪಿಟೀಲಿನಂಥದ್ದು. 1510ರ ಸುಮಾರಿಗೆ ರಾಫೆಲ್ ವ್ಯಾಟಿಕನ್ ಗೋಡೆಯ ಮೇಲೆ ಬರೆದ ಅಪೊಲೋ ಕೂಡ ಕಮಾನು ಹಿಡಿದೇ ಕೂತಿದ್ದಾನೆ.

ಯುರೋಪಿನಲ್ಲಿ ಹಳೆಯ ಲೈರ್ ಎಷ್ಟು ಪೂರ್ತಿಯಾಗಿ ಮರೆತುಹೋಗಿತ್ತು ಎಂಬುದಕ್ಕೆ ಇಂಗ್ಲೆಂಡಿನ ಸಟನ್ ಹೂ ಸಾಕ್ಷಿ. 1939ರಲ್ಲಿ ಅಲ್ಲಿನ 7ನೇ ಶತಮಾನದ ದಿಬ್ಬದಲ್ಲಿ ಸಿಕ್ಕ ವಾದ್ಯದ ಚೂರುಗಳನ್ನು ತಜ್ಞರು ಮೊದಲು ಹಾರ್ಪ್ ಆಗಿ ಜೋಡಿಸಿದರು. ಅದು ಆರು ತಂತಿಯ ಲೈರ್ ಎಂದು ಸರಿಪಡಿಸಿದ್ದು ದಶಕಗಳ ಮೇಲೆ. ಮುಂದೆ 2001–02ರ ಚಳಿಗಾಲದಲ್ಲಿ ಜರ್ಮನಿಯ ಟ್ರಾಸ್ಸಿಂಗನ್‌ನ ಸಮಾಧಿಯೊಂದರಲ್ಲಿ ಕ್ರಿ.ಶ. 580ರ, ಸುಮಾರು 80 ಸೆಂಟಿಮೀಟರ್ ಉದ್ದದ ಲೈರ್ ಕುದುರೆ, ಬಿರಡೆಗಳ ಸಮೇತ ಸಿಕ್ಕಿತು. ತಂತಿ ಬಿಟ್ಟು ಬೇರೇನೂ ಊಹಿಸಬೇಕಾಗಲಿಲ್ಲ.

ಚಿತ್ರವಾಗಿ ಮಾತ್ರ ಲೈರ್ ಎಲ್ಲೆಲ್ಲೂ ಉಳಿಯಿತು. 1875ರಲ್ಲಿ ತೆರೆದ ಪ್ಯಾರಿಸ್ ಅಪೆರಾದ ನೆತ್ತಿಯ ಮೇಲೆ ಅಪೊಲೋ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಾನೆ. ಬ್ರಿಟನ್ನಿನ ಸೇನಾ ಬ್ಯಾಂಡಿನವರ ತೋಳಪಟ್ಟಿಯಲ್ಲಿದೆ. ಕವಾಯತಿನ ಬ್ಯಾಂಡಿನಲ್ಲಿ ಟ್ರಂಪೆಟ್ಟಿಗೆ ಸ್ವರಲಿಪಿಯ ಚೀಟಿ ಸಿಕ್ಕಿಸುವ ಪುಟ್ಟ ಕ್ಲಿಪ್ಪಿಗೂ, ಗ್ರ್ಯಾಂಡ್ ಪಿಯಾನೋದ ಪೆಡಲುಗಳು ತೂಗುವ ಚೌಕಟ್ಟಿಗೂ ಲೈರ್ ಎಂದೇ ಹೆಸರು. ಆಸ್ಟ್ರೇಲಿಯಾದ ಲೈರ್‌ಹಕ್ಕಿಯ ಬಾಲಕ್ಕೂ ಇದೇ ಹೋಲಿಕೆ. ಆ ದೇಶದ 10 ಸೆಂಟ್ ನಾಣ್ಯದಲ್ಲಿ ಅದನ್ನು ನೋಡಬಹುದು. ಆದರೆ ನಕಲಿನಿಂದ ನಕಲಾಗುತ್ತಾ ಬಂದ ಲಾಂಛನಗಳಲ್ಲಿ ವಾದ್ಯ ಕೆಟ್ಟುಹೋಗಿದೆ. ಸಂಗೀತಶಾಲೆಯ ಪ್ರಮಾಣಪತ್ರದಲ್ಲೋ ಬ್ಯಾಂಡಿನ ಬ್ಯಾಡ್ಜಿನಲ್ಲೋ ಇರುವ ಲೈರನ್ನು ಗಮನಿಸಿ: ಹೆಚ್ಚಿನವುಗಳಲ್ಲಿ ಕುದುರೆಯೇ ಇರುವುದಿಲ್ಲ. ಕುದುರೆ ಇಲ್ಲದಿದ್ದರೆ ತಂತಿಯ ಕಂಪನ ಹಲಗೆಗೆ ದಾಟದು. ಕೆಲವದರಲ್ಲಿ ನಾದದ ಪೆಟ್ಟಿಗೆಯೂ ಇಲ್ಲ, ಎರಡು ಕೊಂಬು ಬುಡದಲ್ಲಿ ಸೇರಿಕೊಂಡಿವೆ ಅಷ್ಟೇ. ಲಾಂಛನ ಬಿಡಿಸುವವರು ಕುದುರೆಯ ಒಂದು ಗೆರೆ ಸೇರಿಸಿದರೆ ಸಾಕು, ಚಿತ್ರ ಮತ್ತೆ ವಾದ್ಯವಾಗುತ್ತದೆ.

ಇವತ್ತು ಕೈಗೆ ಸಿಗುವ ಲೈರ್

ಜೀವಂತ ಲೈರ್ ಕೇಳಬೇಕಿದ್ದರೆ ಇಥಿಯೋಪಿಯಾದ ‘ಬೆಗೆನಾ’ ಕೇಳಿ. ಹತ್ತು ತಂತಿಯ, ಎದೆಯೆತ್ತರದ ಈ ವಾದ್ಯ ಪ್ರಾರ್ಥನೆಗೆ, ಉಪವಾಸದ ದಿನಗಳಿಗೆ ಮೀಸಲು. ಅದರ ಪ್ರತಿ ತಂತಿಗೂ ಕುದುರೆಗೂ ನಡುವೆ ಚರ್ಮದ ಚಿಕ್ಕ ತುಣುಕು ಇಡುತ್ತಾರೆ. ತಂತಿ ಅದನ್ನು ಸವರುತ್ತಾ ನಡುಗುವುದರಿಂದ ದಟ್ಟವಾದ ಝೇಂಕಾರ ಬರುತ್ತದೆ. ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಗೆ ದಾರ ಸರಿಸಿ ಜೀವ ಕೂರಿಸುವುದನ್ನು ಬಲ್ಲವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ತುಣುಕು ಒಂದು ಕೂದಲೆಳೆ ಹಿಂದೆ ಸರಿದರೆ ಝೇಂಕಾರ ಸಾಯುತ್ತದೆ, ಮುಂದೆ ಬಂದರೆ ತಂತಿಯೇ ಉಸಿರು ಕಟ್ಟುತ್ತದೆ.

ಅಂತರ್ಜಾಲದ ಅಂಗಡಿಗಳಲ್ಲಿ ‘ಲೈರ್ ಹಾರ್ಪ್’ ಎಂಬ ಹೆಸರಿನಲ್ಲಿ 7, 10, 16, 19 ಉಕ್ಕಿನ ತಂತಿಯ ಪುಟ್ಟ ವಾದ್ಯಗಳು ಸಿಗುತ್ತವೆ. ಇವು ನೊಗದ ವಾದ್ಯಗಳ ಆಧುನಿಕ ಸಂತತಿ. ಕೊಂಡವರಿಗೆ ಮೊದಲ ದಿನವೇ ಆಗುವ ಅನಾಹುತ ಒಂದೇ: ಫೋನಿನ ಟ್ಯೂನರ್ ಸ್ವರದ ಹೆಸರು ತೋರಿಸುತ್ತದೆ, ಸ್ಥಾಯಿಯ ಕಡೆ ಗಮನ ಹೋಗುವುದಿಲ್ಲ. ಸಡಿಲವಾಗಿರುವ ತಂತಿಯನ್ನು ಸರಿಯಾದ ಸ್ವರ ದಾಟಿಸಿ ಮೇಲಿನ ಸ್ಥಾಯಿಯ ಅದೇ ಸ್ವರಕ್ಕೆ ಎಳೆಯಹೋಗುತ್ತಾರೆ, ನಾಲ್ಕು ಪಟ್ಟು ಬಿಗಿ, ತಂತಿ ಕಡಿಯುತ್ತದೆ. ಹೆಸರಿನ ಪಕ್ಕದ ಸಂಖ್ಯೆಯನ್ನೂ ನೋಡಿ. ತಂತಿಯನ್ನು ಮೀಟುತ್ತಾ, ತಂತಿ ಸುತ್ತಿದ ಮೊಳೆಯನ್ನು ತಿರುಗಿಸುವ ಕೀಲಿಯನ್ನು ಒಂದು ಸಲಕ್ಕೆ ಗಡಿಯಾರದ ಐದು ನಿಮಿಷದಷ್ಟು ಮಾತ್ರ ತಿರುಗಿಸಿ. ತಪ್ಪು ಮೊಳೆಗೆ ಕೀಲಿ ಹಾಕಿ, ಶ್ರುತಿ ಏರುತ್ತಿಲ್ಲವೆಂದು ಪಕ್ಕದ ತಂತಿಯನ್ನು ಬಿಗಿಯುತ್ತಲೇ ಹೋಗುವುದು ಎರಡನೆಯ ಅನಾಹುತ. ಕೀಲಿ ಇಟ್ಟ ಮೊಳೆಯಿಂದ ಬೆರಳಿನಲ್ಲಿ ತಂತಿಯ ಜಾಡು ಹಿಡಿದು ಬಂದು ಆಮೇಲೆ ಮೀಟಿ.

ಹೊಸ ತಂತಿ ಮೊದಲ ಒಂದು ವಾರ ಪ್ರತಿದಿನ ಇಳಿಯುತ್ತದೆ. ಅದು ದೋಷವಲ್ಲ, ಸುತ್ತುಗಳು ಬಿಗಿದುಕೊಳ್ಳುತ್ತಿವೆ, ನೊಗ ಹೊರೆಗೆ ಹೊಂದಿಕೊಳ್ಳುತ್ತಿದೆ. ವಾರ ಕಳೆದರೂ ಒಂದೇ ತಂತಿ ಇಳಿಯುತ್ತಿದ್ದರೆ ಆ ಮೊಳೆಯ ತೂತು ಸಡಿಲವಾಗಿದೆ ಎಂದರ್ಥ. ಎಣ್ಣೆ ಹಾಕಲೇಬೇಡಿ, ಇನ್ನಷ್ಟು ಜಾರುತ್ತದೆ. ತಂತಿ ಬಿಚ್ಚಿ, ಮೊಳೆ ತೆಗೆದು, ತೂತಿನ ಒಳಗೋಡೆಗೆ ತೆಳು ರಟ್ಟಿನ ಒಂದು ಪಟ್ಟಿ ಕೊಟ್ಟು ಮೊಳೆಯನ್ನು ಮತ್ತೆ ತಿರುಗಿಸಿ ಇಳಿಸಿದರೆ ಕಚ್ಚಿಕೊಳ್ಳುತ್ತದೆ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ವಾದ್ಯವನ್ನು ಗೋಡೆಗೆ ತೂಗುಹಾಕದೆ ಪೆಟ್ಟಿಗೆಯಲ್ಲಿ ಮುಚ್ಚಿಡಬೇಕು. ಮರ ಉಬ್ಬಿದಾಗ ಎಲ್ಲ ತಂತಿಗಳೂ ಒಟ್ಟಿಗೆ ಏರುತ್ತವೆ.

ಏಳು ತಂತಿಯದ್ದನ್ನು ತಂದವರು ಅದರ ಜೊತೆ ಬಂದ ಪಾಶ್ಚಾತ್ಯ ಕ್ರಮಕ್ಕೇ ಕಟ್ಟುಬೀಳಬೇಕಿಲ್ಲ. ಸ ರಿ ಗ ಪ ಧ ಸ ರಿ ಎಂದು ಕೂಡಿಸಿದರೆ ಮೋಹನ. ಯಾವ ತಂತಿಯನ್ನೂ ಅದಕ್ಕೆಂದು ಕೊಟ್ಟ ಸ್ವರಕ್ಕಿಂತ ಒಂದು ಸ್ವರದ ಮೇಲೆ ಏರಿಸಬೇಡಿ, ಷಡ್ಜವನ್ನು ಬೇಕಾದರೆ ಇಳಿಸಿಕೊಳ್ಳಿ. ಗಾಂಧಾರವೊಂದನ್ನು ಅರ್ಧ ಸ್ವರ ಸಡಿಲಿಸಿದರೆ ಶಿವರಂಜನಿ. ಎಡಗೈಯಿಂದ ನಾಲ್ಕು ತಂತಿ ಮುಟ್ಟಿ ಹಿಡಿದು ಸ, ಪ, ಮೇಲಿನ ಸ ಮಾತ್ರ ಬಿಟ್ಟು ಬೀಸಿದರೆ, ಹಾಡಿಗೆ ಬೇಕಾದ ಶ್ರುತಿಯೂ ಅದರಲ್ಲೇ ಸಿಗುತ್ತದೆ.